ಹೊಸದಾಗಿ ಬೇಸಾಯಕ್ಕೆ ಇಳಿದವರಿಗೆ ನಾಲ್ಕು ಮಾತು

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ಏರ್ಪಡಿಸಿದ್ದ ಯುವ ರೈತರ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಆಡಿದ ಮಾತುಗಳು)



ಸಹಕಾರ ಅಂದರೆ ಸಾಲ, ಗೊಬ್ಬರ, ನ್ಯಾಯಬೆಲೆ ಅಂಗಡಿ ಇಷ್ಟೇ ಅಂತ ಬಹಳ ಜನ ತಿಳಿದಿದ್ದಾರೆ. 1905ರಲ್ಲಿ ಗದಗದ ಹತ್ತಿರ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದಾಗ ಅದರ ಹಿಂದೆ ಇದ್ದದ್ದು ಒಂದೇ ವಿಚಾರ. ಒಬ್ಬನ ತಲೆ ಮೇಲೆ ಬಿದ್ದ ಕಷ್ಟ ಅವನೊಬ್ಬನನ್ನೇ ನೆಲಕ್ಕೆ ಒತ್ತಬಾರದು, ಹತ್ತು ಜನ ಹೆಗಲು ಕೊಡಬೇಕು. ರೈತನ ತಲೆ ಮೇಲೆ ಬೀಳುವ ಕಷ್ಟಗಳಲ್ಲಿ ಮೊದಲನೆಯದು ಮಳೆ. ಬಾರದೆ ಇದ್ದರೂ ಕಷ್ಟ, ಬಾರದ ಹೊತ್ತಿನಲ್ಲಿ ಬಂದರೂ ಕಷ್ಟ. ಆದ್ದರಿಂದ ಇವತ್ತು ಆ ಮಳೆಯ ಬಗ್ಗೆಯೇ ಮಾತನಾಡಬೇಕು ಅಂತ ನಾವು ತೀರ್ಮಾನ ಮಾಡಿಕೊಂಡು ಬಂದಿದ್ದೇವೆ.

2020ರಲ್ಲಿ ಕೊರೊನಾ ಬಂದಾಗ ಬೆಂಗಳೂರಿನಿಂದ ಎಷ್ಟೋ ಹುಡುಗರು ಊರಿಗೆ ವಾಪಸು ಬಂದರು. ಕೆಲವರು ಮತ್ತೆ ಹೋದರು, ಕೆಲವರು ಇಲ್ಲೇ ನಿಂತರು. ಅಪ್ಪ ತೀರಿಕೊಂಡ ಮೇಲೆ ನೇಗಿಲು ಹಿಡಿದವರಿದ್ದಾರೆ. ಗಂಡ ಹೊರಗೆ ಕೆಲಸಕ್ಕೆ ಹೋಗಿ ಹೊಲದ ಜವಾಬ್ದಾರಿ ಪೂರ್ತಿ ಹೊತ್ತ ಹೆಣ್ಣುಮಕ್ಕಳೂ ಇದ್ದಾರೆ. ಇವರಿಗೆಲ್ಲ ದುಡಿಯುವ ಶಕ್ತಿ ಇದೆ, ಹೊಸದು ಕಲಿಯುವ ಬುದ್ಧಿ ಇದೆ. ಇಲ್ಲದ್ದು ಒಂದೇ, ಕೆಟ್ಟ ವರ್ಷ ನೋಡಿದ ಅನುಭವ. ಹಳಬರು ಒಂದು ಬೆಳೆ ಹೋದರೆ ಹೇಗೋ ತಡಕೊಳ್ತಾರೆ. ಹೊಸಬರ ಮೊದಲ ವರ್ಷವೇ ಕೆಟ್ಟ ವರ್ಷವಾದರೆ ಅವರು ಎರಡನೇ ವರ್ಷಕ್ಕೆ ಉಳಿಯುವುದೇ ಇಲ್ಲ. ನಮಗಿರುವ ಚಿಂತೆ ಇದು.

ಒಂದು ಉದಾಹರಣೆ ಹೇಳುತ್ತೇವೆ, ಹೆಸರು ಬೇಡ. ನಮ್ಮ ಭಾಗದ ಒಬ್ಬ ಹುಡುಗ ಪೀಣ್ಯದ ಕೆಲಸ ಬಿಟ್ಟು ಬಂದು ನಾಲ್ಕು ಎಕರೆ ಹೊಲ ಹಸನು ಮಾಡಿದ. 2023ರ ಜೂನ್‌ನಲ್ಲಿ ಮಳೆ ಕೈಕೊಟ್ಟಿತು, ಜುಲೈನಲ್ಲಿ ಚೆನ್ನಾಗಿ ಬಂತು. ಹದ ಸಿಕ್ಕಿದ ಕೂಡಲೆ ನಾಲ್ಕೂ ಎಕರೆಗೆ ಒಂದೇ ತಳಿ ರಾಗಿಯನ್ನ ಎರಡೇ ದಿನದಲ್ಲಿ ಬಿತ್ತಿದ. ಇದ್ದ ದುಡ್ಡನ್ನೆಲ್ಲ ಬೀಜ, ಗೊಬ್ಬರ, ಟ್ರಾಕ್ಟರ್ ಬಾಡಿಗೆಗೆ ಹಾಕಿದ. ಪೈರು ಮೊಣಕಾಲುದ್ದ ಬಂತು, ನೋಡೋಕೆ ಕಣ್ಣು ತುಂಬುತ್ತಿತ್ತು. ಆಮೇಲೆ ಆಗಸ್ಟ್ ಬಂತು. ಆ ಆಗಸ್ಟ್ ಇಡೀ ದೇಶಕ್ಕೇ 1901ರಿಂದ ಈಚೆಗೆ ಕಂಡ ಅತ್ಯಂತ ಒಣ ಆಗಸ್ಟ್. ದೇಶದ ಮಳೆ ವಾಡಿಕೆಗಿಂತ ಶೇಕಡಾ 36ರಷ್ಟು ಕಡಿಮೆ ಬಿತ್ತು. ಆ ವರ್ಷ ನಮ್ಮ ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತ ಅಂತ ಸರ್ಕಾರ ಘೋಷಿಸಬೇಕಾಯಿತು. ಹುಡುಗನ ನಾಲ್ಕು ಎಕರೆಯೂ ಒಂದೇ ವಾರದಲ್ಲಿ ಸುರುಟಿಕೊಂಡಿತು. ಮತ್ತೆ ಬಿತ್ತೋಣ ಅಂದರೆ ಮನೆಯಲ್ಲಿ ಬೀಜವೂ ಇಲ್ಲ, ಕೈಯಲ್ಲಿ ದುಡ್ಡೂ ಇಲ್ಲ. ಅವನು ಇವತ್ತು ಈ ಸಭೆಯಲ್ಲಿ ಇಲ್ಲ. ವಾಪಸು ಕಾರ್ಖಾನೆಗೆ ಹೋದ. ಆ ಹೊಲ ಈಗ ಬೀಳು.

ಅವನು ದಡ್ಡ ಅಂತ ಯಾರೂ ಅನ್ನಬೇಡಿ. ಜುಲೈ ಹದಕ್ಕೆ ಬಿತ್ತಿದ್ದು ಸರಿಯೇ. ಆದರೆ ಇದ್ದದ್ದನ್ನೆಲ್ಲ ಒಂದೇ ಹದಕ್ಕೆ ಹಾಕಿಬಿಟ್ಟ, ಅಷ್ಟೇ. ಅವನಿಂದ ನಾಲ್ಕು ಹೊಲ ಆಚೆ ಒಬ್ಬರು ಹಿರಿಯರು ಅರ್ಧ ಹೊಲ ಬಿತ್ತಿ ಅರ್ಧ ಹಾಗೇ ಬಿಟ್ಟಿದ್ದರು. ಸೆಪ್ಟೆಂಬರ್‌ನಲ್ಲಿ ಬಿದ್ದ ಸ್ವಲ್ಪ ಮಳೆಗೆ ಉಳಿದ ಅರ್ಧಕ್ಕೆ ಹುರುಳಿ ಹಾಕಿದರು. ದೊಡ್ಡ ಫಸಲೇನೂ ಬರಲಿಲ್ಲ. ಆದರೆ ದನಕ್ಕೆ ಮೇವಾಯಿತು, ಮನೆಗೆ ನಾಲ್ಕು ಸೇರು ಕಾಳಾಯಿತು, ಮುಂದಿನ ವರ್ಷಕ್ಕೆ ಧೈರ್ಯ ಉಳಿಯಿತು.

ನಾವು ಇವತ್ತು ಹೇಳಬೇಕು ಅಂತ ಬಂದಿರುವುದು ಇದೊಂದೇ ಮಾತು. ಯಾವಾಗಲೂ ಒಂದು ಪಾಲು ಹಿಂದಕ್ಕಿಡಿ. ನೆಲದಲ್ಲಿ, ಬೀಜದಲ್ಲಿ, ಗೊಬ್ಬರದಲ್ಲಿ, ನೀರಿನಲ್ಲಿ, ದುಡ್ಡಿನಲ್ಲಿ, ಕಣಜದಲ್ಲಿ ಒಂದೊಂದು ಪಾಲು ಹಿಂದಕ್ಕಿಡಿ. ಮಳೆ ಯಾವ ದಿನ ಬರುತ್ತೆ ಅಂತ ನಮ್ಮಿಂದ ಹೇಳೋಕೆ ಆಗಲ್ಲ. ಬಾರದೆ ಹೋದ ದಿನ ನಮ್ಮ ಕೈಯಲ್ಲಿ ಏನು ಉಳಿದಿರಬೇಕು ಅನ್ನುವುದನ್ನ ಮಾತ್ರ ನಾವೇ ತೀರ್ಮಾನ ಮಾಡಬಹುದು.

ಹಿರಿಯರು ಕೇಳಬಹುದು, ಇದರಲ್ಲಿ ಹೊಸದೇನಪ್ಪ ಅಂತ. ಹೊಸದಲ್ಲ, ನಿಮ್ಮದೇ. ರಾಗಿ ಹೊಲದಲ್ಲಿ ಅಕ್ಕಡಿ ಸಾಲು ಬಿಟ್ಟು ತೊಗರಿ, ಅವರೆ, ಹುಚ್ಚೆಳ್ಳು ಹಾಕಿದವರು ನೀವು. ಹಗೇವಿನಲ್ಲಿ ರಾಗಿ ತುಂಬಿಟ್ಟು ಎರಡು ಮೂರು ವರ್ಷ ತಡೆದವರು ನಿಮ್ಮ ಅಪ್ಪಂದಿರು. ಹೊಸದಾಗಿರುವುದು ಮಳೆಯ ನಡತೆ. ಭೂಮಿಯ ಬಿಸಿ ಏರುತ್ತಿದೆ. ಒಂದು ಡಿಗ್ರಿ ಸೆಲ್ಸಿಯಸ್ ಬಿಸಿ ಹೆಚ್ಚಾದರೆ ಗಾಳಿ ಸುಮಾರು ಶೇಕಡಾ 7ರಷ್ಟು ಹೆಚ್ಚು ನೀರಾವಿ ಹಿಡಿದಿಟ್ಟುಕೊಳ್ಳುತ್ತದೆ ಎಂದು ವಿಜ್ಞಾನಿಗಳು ಹೇಳುತ್ತಾರೆ. ಅಂದರೆ ಬಿದ್ದಾಗ ಒಂದೇ ಸಲಕ್ಕೆ ಧೋ ಅಂತ ಬೀಳುತ್ತದೆ, ನಡುವೆ ಒಣ ದಿನಗಳು ಉದ್ದವಾಗುತ್ತವೆ. ವರ್ಷದ ಒಟ್ಟು ಲೆಕ್ಕ ನೋಡಿದರೆ ಮಳೆ ಸರಿಯಾಗಿಯೇ ಇರಬಹುದು, ಆದರೆ ತೆನೆ ಕಟ್ಟುವ ಹೊತ್ತಿನಲ್ಲಿ ಇಪ್ಪತ್ತೈದು ದಿನ ಒಣಗಿದರೆ ಆ ಲೆಕ್ಕ ಕಟ್ಟಿಕೊಂಡು ಏನು ಮಾಡೋದು? ‘ಮಳೆ ಬಂದ್ರೆ ಕೇಡಲ್ಲ, ಮಗ ಉಂಡ್ರೆ ಕೇಡಲ್ಲ’ ಅಂತ ಗಾದೆ ಇದೆ. 2021ರ ನವೆಂಬರ್‌ನಲ್ಲಿ ಬಿಡದೆ ಹೊಡೆದ ಮಳೆಗೆ ನಮ್ಮ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಸೀಮೆಯಲ್ಲಿ ಕೊಯ್ಲಿಗೆ ಬಂದ ರಾಗಿ ಮಲಗಿ, ತೆನೆಯಲ್ಲೇ ಮೊಳಕೆ ಬಂದಾಗ ಆ ಗಾದೆ ನಂಬಿದವರೂ ಸುಮ್ಮನಾದರು. ಮರುವರ್ಷ ಕೆರೆಗಳು ಕೋಡಿ ಬಿದ್ದವು. ಅದರ ಮರುವರ್ಷವೇ ಬರ. ಮೂರು ವರ್ಷದಲ್ಲಿ ಮೂರು ಥರ.

ಈಗ ಒಂದೊಂದಾಗಿ ಹೇಳುತ್ತೇವೆ.

ಮೊದಲನೆಯದು ನೆಲ ಮತ್ತು ದಿನ. ‘ನಮಗಿರೋದೇ ಎರಡು ಎಕರೆ, ಅದರಲ್ಲಿ ಒಂದು ಪಾಲು ಹಿಂದಕ್ಕಿಟ್ಟರೆ ತಿನ್ನೋದೇನು?’ ಅಂತ ಕೆಲವರು ಕೇಳ್ತಾರೆ. ನೆಲವನ್ನು ಬೀಳು ಬಿಡಿ ಅಂತ ನಾವು ಹೇಳುತ್ತಿಲ್ಲ. ಬಿತ್ತುವ ದಿನವನ್ನು ಹಂಚಿಕೊಳ್ಳಿ ಅಂತ ಹೇಳುತ್ತಿದ್ದೇವೆ. ರಾಗಿಯಲ್ಲಿ ದೀರ್ಘಾವಧಿ ತಳಿಗಳಿವೆ. ಎಂ.ಆರ್.-1, ಎಂ.ಆರ್.-6, ಎಲ್-5 ಇವೆಲ್ಲ ಸುಮಾರು 120ರಿಂದ 125 ದಿನ ತೆಗೆದುಕೊಳ್ಳುತ್ತವೆ. ಇವು ಜೂನ್ ಕೊನೆ, ಜುಲೈಗೆ, ಅಂದರೆ ಆರಿದ್ರಾ, ಪುನರ್ವಸು ಮಳೆಗೆ ಸರಿ. ಜಿ.ಪಿ.ಯು.-28, ಎಂ.ಎಲ್.-365 ಮಧ್ಯಮಾವಧಿಯವು, 110ರಿಂದ 115 ದಿನ. ಇವು ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ, ಪುಷ್ಯ, ಆಶ್ಲೇಷ ಮಳೆಗೆ ಹೊಂದುತ್ತವೆ. ಜಿ.ಪಿ.ಯು.-48, ಕೆ.ಎಂ.ಆರ್.-204 ಅಲ್ಪಾವಧಿಯವು, ಸುಮಾರು 100 ದಿನಕ್ಕೆ ಕೊಯ್ಲಿಗೆ ಬರುತ್ತವೆ. ಇವನ್ನು ಮಖೆ ಮಳೆಗೆ, ಆಗಸ್ಟ್ ಕೊನೆಗೂ ಬಿತ್ತಬಹುದು. ಅದೂ ತಪ್ಪಿದರೆ ಹುರುಳಿ, ಹುಚ್ಚೆಳ್ಳು ಇದ್ದೇ ಇವೆ.

ಇದನ್ನು ಬಾಯಿಪಾಠ ಮಾಡಿದರೆ ಸಾಲದು, ಹೊಲಕ್ಕೆ ತರಬೇಕು. ಎರಡು ಎಕರೆ ಇದ್ದರೆ ಒಂದು ಎಕರೆ ಮೊದಲ ಹದಕ್ಕೆ ಬಿತ್ತಿ, ಇನ್ನೊಂದು ಎಕರೆ ಹದಿನೈದು ಇಪ್ಪತ್ತು ದಿನ ತಡೆದು ಬೇರೆ ಅವಧಿಯ ತಳಿ ಹಾಕಿ. ಆಗ ಒಂದು ಎಕರೆ ಹೊಡೆ ತೆಗೆಯುವಾಗ ಒಣ ಬಿದ್ದರೆ ಇನ್ನೊಂದು ಎಕರೆ ಇನ್ನೂ ಎಳೆಯದಾಗಿರುತ್ತದೆ, ತಡೆದುಕೊಳ್ಳುತ್ತದೆ. ಎರಡೂ ಒಟ್ಟಿಗೆ ಹೋಗುವುದು ಅಪರೂಪ. ಅದರ ಜೊತೆಗೆ ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ ಹಾಕಿ. ತೊಗರಿ ಬೇರು ಆಳಕ್ಕೆ ಹೋಗುತ್ತದೆ, ರಾಗಿ ಕೊಯ್ದ ಮೇಲೂ ಹೊಲದಲ್ಲಿ ನಿಂತಿರುತ್ತದೆ, ಹಿಂಗಾರಿನ ಒಂದೆರಡು ಮಳೆ ಸಿಕ್ಕಿದರೂ ಕಾಯಿ ಕಟ್ಟುತ್ತದೆ. ರಾಗಿಗೆ ಕೆಟ್ಟದ್ದು ತೊಗರಿಗೂ ಕೆಟ್ಟದ್ದೇ ಆಗಬೇಕು ಅಂತಿಲ್ಲ.

ಎರಡನೆಯದು ಬೀಜ. ಕೂರಿಗೆಯಲ್ಲಿ ಬಿತ್ತಿದರೆ ರಾಗಿ ಎಕರೆಗೆ ನಾಲ್ಕೈದು ಕೆ.ಜಿ. ಸಾಕು. ಬೇಸಾಯದ ಖರ್ಚಿನಲ್ಲಿ ಅತಿ ಕಡಿಮೆ ಅಂದರೆ ರಾಗಿ ಬೀಜದ್ದೇ. ಆದರೂ ಮಳೆ ಕೈಕೊಟ್ಟ ವರ್ಷ ಎಲ್ಲರಿಗೂ ಒಟ್ಟಿಗೇ ಅಲ್ಪಾವಧಿ ಬೀಜ ಬೇಕಾಗುತ್ತದೆ, ಆವಾಗ ಸಿಗುವುದಿಲ್ಲ. ಆದ್ದರಿಂದ ಜೂನ್‌ನಲ್ಲೇ ಎರಡನೇ ಬಿತ್ತನೆಯ ಬೀಜ ತಂದು ಒಣ ಜಾಗದಲ್ಲಿ ಇಟ್ಟುಕೊಳ್ಳಿ. ಬಿಲ್ಲು, ಚೀಲದ ಚೀಟಿ ಎಸೆಯಬೇಡಿ. ಮನೆ ಬೀಜವಾದರೆ ಬಿತ್ತುವುದಕ್ಕೆ ವಾರ ಹತ್ತು ದಿನ ಮೊದಲು ನೂರು ಕಾಳು ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. ಎಪ್ಪತ್ತೈದಕ್ಕಿಂತ ಕಡಿಮೆ ಮೊಳೆತರೆ ಆ ಬೀಜ ನಂಬಬೇಡಿ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರು ಹೇಳುವ ಇನ್ನೊಂದು ಕ್ರಮ ಇದೆ. ಒಂದು ಕೆ.ಜಿ. ಬೀಜಕ್ಕೆ ಒಂದು ಲೀಟರ್ ನೀರಿನಂತೆ ಆರು ಗಂಟೆ ನೆನೆಸಿ, ನೀರು ಬಸಿದು, ಒದ್ದೆ ಬಟ್ಟೆಯಲ್ಲಿ ಎರಡು ದಿನ ಬಿಗಿಯಾಗಿ ಕಟ್ಟಿಟ್ಟು, ಆಮೇಲೆ ನೆರಳಲ್ಲಿ ಒಣಗಿಸಿ ಬಿತ್ತುವುದು. ಇದಕ್ಕೆ ಬೀಜ ಕಠಿಣಗೊಳಿಸುವುದು ಅಂತಾರೆ. ಹೀಗೆ ಮಾಡಿದ ಬೀಜದ ಪೈರು ಒಣ ದಿನಗಳನ್ನು ಚೆನ್ನಾಗಿ ತಡೆಯುತ್ತದೆ. ದುಡ್ಡಿನ ಖರ್ಚಿಲ್ಲ, ಗಮನ ಬೇಕು ಅಷ್ಟೇ.

ಮೂರನೆಯದು ಗೊಬ್ಬರ. ಹೊಸಬರು ಉಮೇದಿನಲ್ಲಿ ಎಲ್ಲ ಚೀಲವನ್ನೂ ಬಿತ್ತುವ ದಿನವೇ ಸುರಿಯುತ್ತಾರೆ. ಸಾರಜನಕದಲ್ಲಿ ಅರ್ಧ ಮಾತ್ರ ಬಿತ್ತುವಾಗ ಕೊಡಿ. ಉಳಿದ ಅರ್ಧವನ್ನು ತಿಂಗಳಾದ ಮೇಲೆ ಎಡೆಕುಂಟೆ ಹೊಡೆದು, ನೆಲದಲ್ಲಿ ಹಸಿ ಇದ್ದಾಗ ಮೇಲುಗೊಬ್ಬರವಾಗಿ ಕೊಡಿ. ಮಳೆ ಬಂದರೆ ಪೈರಿಗೆ ಬೇಕಾದ ಹೊತ್ತಿಗೆ ಸಿಕ್ಕಿತು. ಬಾರದಿದ್ದರೆ ಯೂರಿಯಾ ಚೀಲ ಮನೆಯಲ್ಲೇ ಉಳಿಯಿತು, ಅದರ ದುಡ್ಡು ಉಳಿಯಿತು. ಒಣ ನೆಲಕ್ಕೆ ಯೂರಿಯಾ ಎರಚುವುದೂ ಒಂದೇ, ದುಡ್ಡನ್ನ ಗಾಳಿಗೆ ತೂರುವುದೂ ಒಂದೇ. ಕೊಟ್ಟಿಗೆ ಗೊಬ್ಬರದ ಮಾತು ಬೇರೆ. ಅದನ್ನು ಬಿತ್ತನೆಗೆ ಎರಡು ಮೂರು ವಾರ ಮೊದಲೇ ಮಣ್ಣಿಗೆ ಸೇರಿಸಿ, ಎಷ್ಟು ಹಾಕಿದರೂ ಮೋಸವಿಲ್ಲ. ಅದು ನೆಲದಲ್ಲಿ ಹಸಿ ಹಿಡಿದಿಡುತ್ತದೆ.

ನಾಲ್ಕನೆಯದು ನೀರು. ಇಲ್ಲಿ ಸ್ವಲ್ಪ ಲೆಕ್ಕ ಕೇಳಿ. ಒಂದು ಮಿಲಿಮೀಟರ್ ಮಳೆ ಒಂದು ಎಕರೆ ಮೇಲೆ ಬಿದ್ದರೆ ಅದು ಸುಮಾರು ನಾಲ್ಕು ಸಾವಿರ ಲೀಟರ್ ನೀರು. 25 ಮಿಲಿಮೀಟರ್, ಅಂದರೆ ಒಂದು ಅಂಗುಲ ಬಿದ್ದರೆ ಒಂದು ಲಕ್ಷ ಲೀಟರ್. ನಮ್ಮ ಹೊಲದಲ್ಲಿ ಬಿದ್ದ ಈ ನೀರು ಅರ್ಧ ಗಂಟೆಯಲ್ಲಿ ಮೇಲ್ಮಣ್ಣನ್ನೂ ಹೊತ್ತುಕೊಂಡು ಹಳ್ಳಕ್ಕೆ ಹೋಗುತ್ತದೆ. ಮಾಗಿ ಉಳುಮೆ ಮಾಡಿ, ಇಳಿಜಾರಿಗೆ ಅಡ್ಡಲಾಗಿ ಉಳಿ, ಬದು ಒಡೆದಿದ್ದರೆ ಬೇಸಿಗೆಯಲ್ಲೇ ಕಟ್ಟಿ. ಟ್ರಾಕ್ಟರ್‌ನವನು ಬೇಗ ಮುಗಿಯಲಿ ಅಂತ ಉದ್ದುದ್ದಕ್ಕೆ, ಇಳಿಜಾರಿನ ಗುಂಟ ಹೊಡೆಯುತ್ತಾನೆ. ಹತ್ತಿರ ನಿಂತು ಹೇಳಿ ಮಾಡಿಸಿ. ಮೊದಲು ನೀರನ್ನು ಹೊಲದ ಒಡಲಲ್ಲಿ ಇಳಿಸಬೇಕು. ಅದಾದ ಮೇಲೆ ಕೃಷಿ ಹೊಂಡದ ಮಾತು.

ಕೃಷಿ ಹೊಂಡ ಒಳ್ಳೆಯದು. 2014ರಲ್ಲಿ ಕೃಷಿ ಭಾಗ್ಯ ಯೋಜನೆ ಶುರುವಾದ ಮೇಲೆ ನಮ್ಮ ಬಯಲುಸೀಮೆಯಲ್ಲಿ ಹೊಂಡಗಳು ಬಹಳ ಆದವು. ಆದರೆ ಹೊಂಡ ತೆಗೆದವರೆಲ್ಲ ನೀರಾವರಿ ರೈತರಾದೆವು ಅಂದುಕೊಳ್ಳಬಾರದು. ಮೇಲೆ 10 ಮೀಟರ್ ಉದ್ದ, 10 ಮೀಟರ್ ಅಗಲ, 3 ಮೀಟರ್ ಆಳದ ಹೊಂಡವನ್ನು ಬದಿ ಇಳಿಜಾರಾಗಿ ತೆಗೆದರೆ ಅದರಲ್ಲಿ ಹಿಡಿಯುವುದು ಸುಮಾರು ಒಂದೂವರೆ ಲಕ್ಷ ಲೀಟರ್. ಒಂದು ಎಕರೆಗೆ ಹಾಯಿಸಿದರೆ ಒಂದೂವರೆ ಅಂಗುಲ ನೀರು, ಅಷ್ಟೇ. ಅಂದರೆ ತೆನೆ ಕಟ್ಟುವ ಹೊತ್ತಿನಲ್ಲಿ ಒಂದು ಸಲ ಪೈರಿನ ಜೀವ ಉಳಿಸುವಷ್ಟು. ಅದನ್ನು ಆ ಒಂದು ದಿನಕ್ಕೆ ಅಂತ ಹಿಂದಕ್ಕಿಡಿ. ಹೊಂಡ ತುಂಬಿದೆ ಅಂತ ಟೊಮ್ಯಾಟೊ ನೆಟ್ಟರೆ ಟೊಮ್ಯಾಟೊವೂ ಇಲ್ಲ, ರಾಗಿಯೂ ಇಲ್ಲ. ಇನ್ನೊಂದು ಮಾತು. ಹೊಂಡದ ಸುತ್ತ ತಂತಿ ಬೇಲಿ ಇಲ್ಲದೆ ಒಂದು ದಿನವೂ ಬಿಡಬೇಡಿ. ಪ್ಲಾಸ್ಟಿಕ್ ಹಾಸಿದ ಹೊಂಡಕ್ಕೆ ಮಗು ಜಾರಿದರೆ ಹಿಡಿದು ಹತ್ತುವುದಕ್ಕೆ ಏನೂ ಸಿಗುವುದಿಲ್ಲ. ಒಳಗೆ ಒಂದು ಗಂಟು ಹಾಕಿದ ಹಗ್ಗ ಇಳಿಬಿಟ್ಟಿರಿ.

ಬೋರ್‌ವೆಲ್ ವಿಷಯದಲ್ಲಿ ನಮ್ಮ ಮಾತು ಕಠಿಣವಾಗಿದೆ. ಬೇಸಾಯಕ್ಕೆ ಬಂದ ಮೊದಲ ಎರಡು ವರ್ಷ ಸಾಲ ಮಾಡಿ ಬೋರ್ ಕೊರೆಸಬೇಡಿ. ನೀರು ಬಿದ್ದರೂ ಎಷ್ಟು ದಿನ ಅಂತ ಹೇಳೋಕೆ ಆಗಲ್ಲ, ಬೀಳದಿದ್ದರೆ ಸಾಲ ಮಾತ್ರ ಉಳಿಯುತ್ತದೆ. ಒಂದು ಬೆಳೆ ಹೋದರೆ ಮುಂದಿನ ಬೆಳೆಗೆ ಸುಧಾರಿಸಿಕೊಳ್ಳಬಹುದು, ಒಣ ಬೋರಿನ ಸಾಲದಿಂದ ಮೇಲೇಳುವುದಕ್ಕೆ ವರ್ಷಗಟ್ಟಲೆ ಬೇಕು.

ಐದನೆಯದು ಕೊಯ್ಲು. ಬೆಳೆ ಮನೆಗೆ ಬರುವವರೆಗೂ ಅದು ಹೊಲದ್ದೇ, ನಮ್ಮದಲ್ಲ. 2021 ಕಲಿಸಿದ ಪಾಠ ಅದು. ಅಕ್ಟೋಬರ್ ಕೊನೆಯಿಂದ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತದ ಸುದ್ದಿ ಕಿವಿಗೆ ಹಾಕಿಕೊಳ್ಳುತ್ತಿರಿ. ಮಳೆ ಇದೆ ಅಂದರೆ ಕೊಯ್ಯುವುದನ್ನು ಎರಡು ದಿನ ತಡೆಯಿರಿ. ಕೊಯ್ದದ್ದು ಅರಿಯಲ್ಲಿದ್ದರೆ ಕಟ್ಟಿ ಮೆದೆ ಹಾಕಿ. ಮನೆಗೆ ಒಂದು ಒಳ್ಳೆಯ ಟಾರ್ಪಾಲು ಇರಲೇಬೇಕು. ಒಕ್ಕಿದ ರಾಗಿಯಲ್ಲಿ ಮನೆಯ ಒಂದು ವರ್ಷದ ಊಟ, ಮುಂದಿನ ಬೀಜ ತೆಗೆದಿಟ್ಟು ಉಳಿದದ್ದನ್ನು ಮಾತ್ರ ಖರೀದಿ ಕೇಂದ್ರಕ್ಕೆ ಒಯ್ಯಿರಿ. ಹುಲ್ಲಿನ ಬಣವೆಯನ್ನೂ ಪೂರ್ತಿ ಮಾರಬೇಡಿ. ಬರದ ವರ್ಷ ಮೇವು ಇಲ್ಲದೆ ಹಸು ಮಾರಿದವನಿಗೆ ಡೇರಿಯ ಹಾಲಿನ ದುಡ್ಡೂ ನಿಲ್ಲುತ್ತದೆ. ಬೆಳೆಯ ಜೊತೆ ಅದೂ ಹೋದರೆ ಮನೆ ನಡೆಯುವುದು ಹೇಗೆ?

ಆರನೆಯದು ಬೆಳೆ ವಿಮೆ. 2016ರಿಂದ ಪ್ರಧಾನ ಮಂತ್ರಿ ಫಸಲ್ ಬಿಮಾ ಯೋಜನೆ ಇದೆ. ಮುಂಗಾರು ಆಹಾರ ಬೆಳೆಗೆ ರೈತರು ಕಟ್ಟಬೇಕಾದ್ದು ವಿಮಾ ಮೊತ್ತದ ಶೇಕಡಾ 2, ಹಿಂಗಾರಿಗೆ ಒಂದೂವರೆ, ವಾರ್ಷಿಕ ತೋಟಗಾರಿಕೆ ಮತ್ತು ವಾಣಿಜ್ಯ ಬೆಳೆಗೆ 5. ವಿಮಾ ಮೊತ್ತ 20,000 ರೂಪಾಯಿ ಇದ್ದರೆ ಮುಂಗಾರಿಗೆ ಕಟ್ಟುವುದು 400 ರೂಪಾಯಿ. 2020ರಿಂದ ಇದು ಸಾಲಗಾರರಿಗೂ ಕಡ್ಡಾಯವಲ್ಲ. ಬೇಡವಾದರೆ ಕೊನೆಯ ದಿನಕ್ಕೆ ಏಳು ದಿನ ಮೊದಲೇ ಬರೆದು ಕೊಡಬೇಕು. ಸಾಲ ಇಲ್ಲದವರು ತಾವಾಗಿಯೇ ಬಂದು ಕಟ್ಟಬೇಕು, ಯಾರೂ ಮನೆಗೆ ಬಂದು ಕರೆಯುವುದಿಲ್ಲ. ಒಂದೊಂದು ಬೆಳೆಗೆ ಒಂದೊಂದು ಕೊನೆಯ ದಿನ ಇದೆ. ಆ ದಿನ ಸರ್ವರ್ ನಿಧಾನ ಇರುತ್ತೆ ಅಂತ ತಿಳಿದು ವಾರ ಮೊದಲೇ ಬನ್ನಿ.

ವಿಮೆಯಲ್ಲಿ ಮೂರು ಸಂಗತಿ ಹೊಸಬರಿಗೆ ಗೊತ್ತಿರಬೇಕು. ಒಂದು, ಬರಗಾಲದ ನಷ್ಟವನ್ನು ನಿಮ್ಮೊಬ್ಬರ ಹೊಲ ನೋಡಿ ಲೆಕ್ಕ ಹಾಕುವುದಿಲ್ಲ. ಗ್ರಾಮ ಪಂಚಾಯಿತಿ ಅಥವಾ ಹೋಬಳಿ ಮಟ್ಟದಲ್ಲಿ ಬೆಳೆ ಕಟಾವು ಪ್ರಯೋಗ ಮಾಡಿ ಸರಾಸರಿ ಇಳುವರಿ ನೋಡುತ್ತಾರೆ. ಎರಡು, ಆಲಿಕಲ್ಲು, ಹೊಲದಲ್ಲಿ ನೀರು ನಿಲ್ಲುವುದು ಇಂಥ ಸ್ಥಳೀಯ ವಿಕೋಪಕ್ಕೆ, ಮತ್ತು ಕೊಯ್ದು ಒಣಗಲು ಹೊಲದಲ್ಲಿ ಹರಡಿದ ಬೆಳೆಗೆ 14 ದಿನದೊಳಗೆ ಅಕಾಲ ಮಳೆಯಿಂದ ಆದ ನಷ್ಟಕ್ಕೆ ನಿಮ್ಮ ಹೊಲವನ್ನೇ ಬಂದು ನೋಡುತ್ತಾರೆ. ಆದರೆ 72 ಗಂಟೆಯೊಳಗೆ ತಿಳಿಸಬೇಕು. ಮೂರು, ವಿಮೆಗೆ ಬರೆಸಿದ ಬೆಳೆ ಮತ್ತು ಬೆಳೆ ಸಮೀಕ್ಷೆಯಲ್ಲಿ ದಾಖಲಾದ ಬೆಳೆ ಒಂದೇ ಆಗಿರಬೇಕು. ರಾಗಿಗೆ ವಿಮೆ ಕಟ್ಟಿ, ಸಮೀಕ್ಷೆಯಲ್ಲಿ ಬೇರೆ ಬೆಳೆ ದಾಖಲಾಗಿ, ಪರಿಹಾರ ಬಾರದೆ ಅಲೆದವರು ನಮ್ಮ ಸದಸ್ಯರಲ್ಲೇ ಇದ್ದಾರೆ. 2020ರಿಂದ ಸಮೀಕ್ಷೆಯನ್ನು ರೈತರೇ ಮೊಬೈಲ್‌ನಲ್ಲಿ ಮಾಡುವ ಅವಕಾಶ ಇದೆ. ಪಹಣಿ, ಆಧಾರ್, ಫ್ರೂಟ್ಸ್ ಸಂಖ್ಯೆ ಸರಿ ಇದೆಯೇ ಅಂತ ಬೇಸಿಗೆಯಲ್ಲೇ ನೋಡಿಕೊಳ್ಳಿ. ಪಹಣಿ ಇನ್ನೂ ತಾತನ ಹೆಸರಲ್ಲಿದ್ದರೆ ಪೌತಿ ಖಾತೆ ಮಾಡಿಸುವುದೇ ನಿಮ್ಮ ಮೊದಲ ಬೇಸಾಯ.

ಸರ್ಕಾರದ ಪರಿಹಾರವನ್ನೇ ನಂಬಿಕೊಳ್ಳಬೇಡಿ. 2022ರ ಕೇಂದ್ರದ ನಿಯಮದಂತೆ ಮಳೆಯಾಶ್ರಿತ ಬೆಳೆ ಶೇಕಡಾ 33ಕ್ಕಿಂತ ಹೆಚ್ಚು ಹಾಳಾದರೆ ಹೆಕ್ಟೇರಿಗೆ 8,500 ರೂಪಾಯಿ, ಅದೂ ಎರಡು ಹೆಕ್ಟೇರಿನವರೆಗೆ ಮಾತ್ರ. ಎಕರೆಗೆ ಲೆಕ್ಕ ಹಾಕಿದರೆ ಮೂರೂವರೆ ಸಾವಿರದೊಳಗೆ. ಬಂದರೆ ಸಂತೋಷ. ಆದರೆ ಅದು ಬರುವ ಹೊತ್ತಿಗೆ ಎರಡನೇ ಬಿತ್ತನೆಯ ಹದ ಹೋಗಿರುತ್ತದೆ. ಆ ಹದಕ್ಕೆ ಬೇಕಾದ ದುಡ್ಡು ನಮ್ಮದೇ ಆಗಿರಬೇಕು. ಸಂಘದಲ್ಲಿ ಸಿಗುವ ಬೆಳೆ ಸಾಲಕ್ಕೆ ಗಡುವಿನೊಳಗೆ ಕಟ್ಟಿದರೆ ಬಡ್ಡಿ ಇಲ್ಲ. 2023ರಲ್ಲಿ ಅದರ ಮಿತಿಯನ್ನು 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿದರು. ಮಿತಿ ಇದೆ ಅಂತ ಅಷ್ಟನ್ನೂ ಎತ್ತಬೇಡಿ. ಎತ್ತಿದ್ದರಲ್ಲೂ ಒಂದು ಪಾಲು ಖಾತೆಯಲ್ಲೇ ಬಿಡಿ. ಮಳೆ ಹೋದ ವರ್ಷ ಕಟ್ಟಲು ಆಗದಿದ್ದರೆ ತಲೆ ಮರೆಸಿಕೊಂಡು ಓಡಾಡಬೇಡಿ, ಗಡುವಿಗೆ ಮೊದಲೇ ಸಂಘಕ್ಕೆ ಬನ್ನಿ. ಬರ ಘೋಷಣೆಯಾದ ಕಡೆ ಅಲ್ಪಾವಧಿ ಸಾಲವನ್ನು ಮಧ್ಯಮಾವಧಿಗೆ ಬದಲಾಯಿಸುವ ಆದೇಶ ಬರುವುದುಂಟು. ಬಂದು ಕೇಳಿದವರಿಗೆ ಅದು ಸಿಗುತ್ತದೆ. ಊರಿನ ಕೈಸಾಲ, ಫೈನಾನ್ಸಿನ ವಾರದ ಕಂತು ಇವಕ್ಕೆ ಅಂಥ ಆದೇಶ ಯಾವುದೂ ಇಲ್ಲ.

ಏಳನೆಯದು ಸುದ್ದಿ. ಹವಾಮಾನ ಇಲಾಖೆಯವರು ಕೃಷಿ ವಿಶ್ವವಿದ್ಯಾಲಯದ ಜೊತೆ ಸೇರಿ ವಾರಕ್ಕೆ ಎರಡು ಸಲ, ಮಂಗಳವಾರ ಮತ್ತು ಶುಕ್ರವಾರ, ಮುಂದಿನ ಐದು ದಿನದ ಮಳೆ ಲೆಕ್ಕ ಮತ್ತು ಬೇಸಾಯದ ಸಲಹೆ ಕೊಡುತ್ತಾರೆ. ಮೊಬೈಲ್‌ನಲ್ಲಿ ‘ಮೇಘದೂತ’ ಇದೆ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಪಂಚಾಯಿತಿ ಮಟ್ಟದಲ್ಲಿ ಮಳೆಮಾಪನ ಇಟ್ಟಿದ್ದಾರೆ, ‘ವರುಣ ಮಿತ್ರ’ ಸಹಾಯವಾಣಿಗೆ ಫೋನ್ ಮಾಡಿದರೆ ಕನ್ನಡದಲ್ಲೇ ಹೇಳುತ್ತಾರೆ. ಮುಂದಿನ ಐದು ದಿನದ ಮಾತು ಸಾಕಷ್ಟು ನಂಬಬಹುದು. ಯಾರೋ ವಾಟ್ಸಾಪ್‌ನಲ್ಲಿ ಕಳಿಸಿದ ಮೂರು ತಿಂಗಳ ಭವಿಷ್ಯ ನಂಬಿ ಬೀಜ ಹಾಕಬೇಡಿ. ಅದರ ಜೊತೆಗೆ ನಿಮ್ಮದೇ ಒಂದು ಮಳೆ ಪುಸ್ತಕ ಇಡಿ. ಬುಡದಿಂದ ಬಾಯಿಯವರೆಗೆ ಒಂದೇ ಅಗಲ ಇರುವ ಡಬ್ಬ ಬಯಲಲ್ಲಿಟ್ಟು, ಬೆಳಗ್ಗೆ ಸ್ಕೇಲಿನಲ್ಲಿ ಅಳೆದು ಬರೆಯಿರಿ. ಯಾವ ಮಳೆ ನಕ್ಷತ್ರದಲ್ಲಿ ಎಷ್ಟು, ಯಾವ ದಿನ ಬಿತ್ತಿದ್ದು, ಯಾವ ದಿನ ತೆನೆ, ಎಷ್ಟು ಚೀಲ ಆಯಿತು ಎಲ್ಲ ಇರಲಿ. ಐದು ವರ್ಷ ಬರೆದರೆ ನಿಮ್ಮ ಹೊಲದ ವಿಷಯದಲ್ಲಿ ನಿಮ್ಮಷ್ಟು ತಿಳಿದವರು ಯಾವ ಕಚೇರಿಯಲ್ಲೂ ಇರುವುದಿಲ್ಲ.

ಬೆಳೆಗಿಂತ ದೊಡ್ಡದು ಜೀವ. ಏಪ್ರಿಲ್, ಮೇ ತಿಂಗಳ ಸಂಜೆ ಗುಡುಗು ಮಳೆಯಲ್ಲಿ ಹೊಲದಲ್ಲಿ ಇರುವವರು, ಕುರಿ ದನ ಮೇಯಿಸುವವರು ಸಿಡಿಲಿಗೆ ಸಿಕ್ಕುತ್ತಾರೆ. ಮಿಂಚು ಕಂಡು ಮೂವತ್ತು ಎಣಿಸುವುದರೊಳಗೆ ಗುಡುಗು ಕೇಳಿದರೆ ಸಿಡಿಲು ಹತ್ತು ಕಿಲೋಮೀಟರಿನೊಳಗೇ ಇದೆ ಅಂತ ಅರ್ಥ. ಕೆಲಸ ಬಿಟ್ಟು ಮನೆಯೊಳಕ್ಕೆ ಹೋಗಿ. ಒಂಟಿ ಮರದ ಕೆಳಗೆ ನಿಲ್ಲಬೇಡಿ, ಪಂಪ್‌ಸೆಟ್ ಮುಟ್ಟಬೇಡಿ. ಬಯಲಲ್ಲಿ ಸಿಕ್ಕಿಹಾಕಿಕೊಂಡರೆ ಕಾಲು ಜೋಡಿಸಿ ಕುಕ್ಕರಗಾಲಲ್ಲಿ ಕುಳಿತುಕೊಳ್ಳಿ, ಮಲಗಬೇಡಿ. ಒದ್ದೆಯಾಗುವ ಹುಲ್ಲಿಗೋಸ್ಕರ ಓಡಿಹೋಗಬೇಡಿ ತಮ್ಮಾ, ಹುಲ್ಲು ಮತ್ತೆ ಬೆಳೆಯುತ್ತದೆ.

ಕೊನೆಯದಾಗಿ ಸಂಘದ ಮಾತು. ಹೊಸಬರು ಒಂದು ಪಾಲು ಹಿಂದಕ್ಕಿಡಬೇಕು ಅಂತ ಹೇಳಿ ನಾವು ಕೈತೊಳೆದುಕೊಂಡರೆ ಆಗುವುದಿಲ್ಲ. ಏನೂ ಇಲ್ಲದವನು ಏನನ್ನು ಹಿಂದಕ್ಕಿಡಬೇಕು? ಅವನ ಪಾಲನ್ನು ಸಂಘ ಇಡಬೇಕು. ಆದ್ದರಿಂದ ಮುಂದಿನ ಸರ್ವಸದಸ್ಯರ ಸಭೆಯ ಮುಂದೆ ನಾವು ಮೂರು ಸಲಹೆ ತರುತ್ತೇವೆ. ಒಂದು, ಸಂಘದ ಗೋದಾಮಿನಲ್ಲಿ ಅಲ್ಪಾವಧಿ ರಾಗಿ ಮತ್ತು ಹುರುಳಿಯ ಬೀಜವನ್ನು ಪ್ರತಿ ವರ್ಷ ಕಾದಿರಿಸಬೇಕು. ಮೊದಲ ಬಿತ್ತನೆ ಹೋದವರಿಗೆ ಅಲ್ಲಿಂದ ಬೀಜ ಕೊಡಬೇಕು, ನಾಲ್ಕು ಸೇರು ಒಯ್ದವರು ಸುಗ್ಗಿಯಲ್ಲಿ ಐದು ಸೇರು ತಂದು ಹಾಕಬೇಕು. ಎರಡು, ಪಂಚಾಯಿತಿ ಮಳೆಮಾಪನದ ಲೆಕ್ಕ ಮತ್ತು ವಿಮೆಯ ಕೊನೆಯ ದಿನಗಳನ್ನು ಸಂಘದ ಬಾಗಿಲಿನ ಹಲಗೆ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಯಬೇಕು. ಮೂರು, ಮೊದಲ ಮೂರು ವರ್ಷ ಪ್ರತಿಯೊಬ್ಬ ಹೊಸ ರೈತನಿಗೆ, ರೈತ ಮಹಿಳೆಗೆ ಒಬ್ಬ ಹಿರಿಯ ಸದಸ್ಯರು ಜೊತೆಯಾಗಿ ನಿಂತು ಬಿತ್ತುವ ಮೊದಲು ಒಮ್ಮೆ, ಕೊಯ್ಯುವ ಮೊದಲು ಒಮ್ಮೆ ಹೊಲ ನೋಡಿ ಬರಬೇಕು. ಇವಕ್ಕೆ ದೊಡ್ಡ ಬಂಡವಾಳ ಬೇಡ. ತಮ್ಮೆಲ್ಲರ ಒಪ್ಪಿಗೆ ಬೇಕು. ಒಪ್ಪಿಗೆ ಕೊಡುತ್ತೀರಿ ಅಂತ ನಂಬಿದ್ದೇವೆ.

ಇಪ್ಪತ್ತೈದು ವರ್ಷದಲ್ಲಿ ಸಂಘ ಕಟ್ಟಡ ಕಟ್ಟಿತು, ಗೋದಾಮು ಕಟ್ಟಿತು, ಷೇರು ಬಂಡವಾಳ ಬೆಳೆಸಿತು. ಮುಂದಿನ ಇಪ್ಪತ್ತೈದು ವರ್ಷ ಈ ಗೋದಾಮಿಗೆ ಚೀಲ ತರುವವರು ಇವತ್ತು ಹಿಂದಿನ ಸಾಲಿನಲ್ಲಿ ಕೂತಿರುವ ಈ ಮಕ್ಕಳು. ಒಂದು ಕೆಟ್ಟ ಆಗಸ್ಟಿಗೆ ಹೆದರಿ ಇನ್ನೊಬ್ಬ ಹುಡುಗ ಬಸ್ಸು ಹತ್ತದ ಹಾಗೆ ನೋಡಿಕೊಂಡರೆ ಈ ಬೆಳ್ಳಿಹಬ್ಬ ಮಾಡಿದ್ದಕ್ಕೂ ಸಾರ್ಥಕ.



ಜೈ ಸಹಕಾರ.